‘ಅಂತ’ ಬಿಟ್ಟು ಹೇಳ್ರಿ

ನಾನು ವರದಿಗಾರಿಕೆ ಶುರು ಮಾಡಿದಾಗ ನಮ್ಮ ಪತ್ರಿಕೆಯ ಕಲಬುರಗಿ ಕಚೇರಿಯಲ್ಲಿ ಹಿರಿಯ ಉಪಸಂಪಾದಕರೊಬ್ಬರಿದ್ದರು. ನನ್ನ ವರದಿಯಲ್ಲಿ ‘ಎನ್ನಲಾಗಿದೆ’ ಎಂಬ ಪದ ಕಂಡರೆ ಫೋನ್ ಮಾಡುತ್ತಿದ್ದರು. “ಯಾರು ಅಂದದ್ದು?” ಎಂಬುದು ಅವರ ಒಂದೇ ಪ್ರಶ್ನೆ. ಉತ್ತರವಿದ್ದರೆ ಸಾಲು ಉಳಿಯುತ್ತಿತ್ತು, ಇಲ್ಲದಿದ್ದರೆ ಹೋಗುತ್ತಿತ್ತು. ಆ ಪದ ಪತ್ರಿಕೆಯದು. ನಮ್ಮ ಕಡೆಯ ಮಾತಿನಲ್ಲಿ ಅದೇ ಕೆಲಸವನ್ನು ‘ಅಂತ’ ಮಾಡುತ್ತದೆ. ಮಳೆ ಬರ್ತದಂತ, ಬಸ್ಸು ರದ್ದಂತ. ಹೇಳಿದವನ ಮೇಲೆ ಭಾರ ಬೀಳುವುದಿಲ್ಲ.

ಬಸವಕಲ್ಯಾಣದಲ್ಲಿ ನಾನು ಸುದ್ದಿ ಕಳಿಸಲು ಹೋಗುತ್ತಿದ್ದ ಡಿಟಿಪಿ ಅಂಗಡಿಯನ್ನು ಒಬ್ಬ ಹೆಣ್ಣುಮಗಳು ನಡೆಸುತ್ತಾರೆ. ಊರವರಿಗೆಲ್ಲ ಅವರು ಅಕ್ಕಾವ್ರು. ಅರ್ಜಿ, ಕರಪತ್ರ ಯಾವಾಗಲೂ ಇರುತ್ತವೆ, ಆದರೆ ಅಂಗಡಿ ನಿಂತಿರುವುದು ಮದುವೆ ಕಾರ್ಡಿನ ಮೇಲೆ. ಆ ವರ್ಷ ಅವರ ಕಂಪ್ಯೂಟರಿನ ಪರದೆಯ ಮೇಲೆ ಗೆರೆಗಳು ಓಡತೊಡಗಿದ್ದವು. ಒತ್ತಕ್ಷರ ಬಿದ್ದಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಮಂಠಾಳದ ರೈತರೊಬ್ಬರ ಹಿರಿಯ ಮಗಳ ಕಾರ್ಡಿನಲ್ಲಿ ಅರ್ಕಾವತ್ತು ಬಿಟ್ಟು ‘ನಿಮ್ಮ ಆಶೀವಾದವೇ ಉಡುಗೊರೆ’ ಎಂದು ಅಚ್ಚಾಗಿ ಹೋಯಿತು. ಅಕ್ಕಾವ್ರು ಅಷ್ಟನ್ನೂ ಮತ್ತೆ ಮಾಡಿಕೊಟ್ಟರು. ಆದರೂ ಆತ ಹೋಗುವಾಗ, “ಸಣ್ಣಾಕಿ ಲಗ್ನಕ್ಕ ಹುಮನಾಬಾದಿಗೇ ಹೋಗ್ತೀನಿ ತಗೋರಿ,” ಅಂದ. ತುಳಸಿ ಲಗ್ನ ಮುಗಿದರೆ ಮದುವೆಗಳು ಶುರು. ಅಷ್ಟರಲ್ಲಿ ಬೇರೆ ಯಂತ್ರ ಬಾರದಿದ್ದರೆ ಆ ವರ್ಷದ ಹಂಗಾಮು ಅವರ ಕೈತಪ್ಪುತ್ತಿತ್ತು.

ಹುಮನಾಬಾದಿನಲ್ಲಿ ನನ್ನ ಕಾಲೇಜಿನ ಗೆಳೆಯನೊಬ್ಬ ಮದುವೆ ವಿಡಿಯೋ ಸ್ಟುಡಿಯೋ ಇಟ್ಟಿದ್ದಾನೆ. ವಿದೇಶಿ ಕಂಪ್ಯೂಟರ್ ಕಂಪನಿಯೊಂದರ ಪರಮ ಅಭಿಮಾನಿ. ಆ ಕಂಪನಿ ಹೊಸ ಸರಕು ತೋರಿಸುವ ದಿನ ಹತ್ತಿರ ಬಂದಂತೆ ಅವನ ವಾಟ್ಸಾಪ್ ಗುಂಪು ಕಾವೇರುತ್ತದೆ. ಹುಮನಾಬಾದ್, ಚಿಟಗುಪ್ಪದ ಫೋಟೋಗ್ರಾಫರುಗಳು, ಇಂಜಿನಿಯರಿಂಗ್ ಓದುವ ಹುಡುಗರು, ಒಬ್ಬ ಬಟ್ಟೆ ವ್ಯಾಪಾರಿ ಅದರಲ್ಲಿದ್ದಾರೆ. ಹೊಸ ಲ್ಯಾಪ್‌ಟಾಪ್ ಎಷ್ಟು ತೆಳ್ಳಗಿರುತ್ತದೆ, ಯಾವ ಬಣ್ಣದ್ದಿರುತ್ತದೆ ಎಂದು ಬೆಳಗಿನಿಂದ ಚರ್ಚೆ. ಹೊಸದು ಬಂತೆಂದರೆ ಹಳೆಯದರ ಬೆಲೆ ಬೀಳುತ್ತದೆ ಎಂಬುದು ಗೆಳೆಯನಿಗೆ ಗೊತ್ತಿತ್ತು. ಅದಕ್ಕೇ ತನ್ನದನ್ನು ಮೊದಲೇ ಮಾರಲು ಹೊರಟಿದ್ದ. ನಾನು ಅಕ್ಕಾವ್ರ ನಂಬರ್ ಕೊಟ್ಟೆ. ಅವನು ಅವರ ಜೊತೆ ಮಾತಾಡಿದ್ದಲ್ಲದೆ, ಉತ್ಸಾಹದಲ್ಲಿ ಅವರನ್ನೂ ಗುಂಪಿಗೆ ಸೇರಿಸಿಕೊಂಡ. ಅವನ ವ್ಯಾಪಾರಕ್ಕೆ ತೊಡಕಾದದ್ದು ಅದೇ.

ಒಂದು ಭಾನುವಾರ ಮಧ್ಯಾಹ್ನ ಅವನು ಲ್ಯಾಪ್‌ಟಾಪ್ ಹಿಡಿದುಕೊಂಡು ಬಸವಕಲ್ಯಾಣಕ್ಕೆ ಬಂದ. ನಾನೂ ಅಂಗಡಿಯಲ್ಲಿದ್ದೆ.

“ಅಕ್ಕಾವ್ರೆ, ಈಗ ತಗೊಂಬಿಡ್ರಿ. ಇಂಥಾದು ಮುಂದ ಸಿಗಂಗಿಲ್ಲ.”

“ನೀವೇ ನಿನ್ನಿ ಗ್ರೂಪಿನ್ಯಾಗ ಹಾಕೀರಲ್ಲ ಅಣ್ಣಾ, ಹೊಸಾದು ಇದಕ್ಕಿಂತ ಹಗುರ, ರೇಟೂ ಕಡಿಮಿ ಅಂತ. ಮತ್ತ ಹಳೇದು ನನಗ್ಯಾಕ ಕಟ್ಟಾಕತ್ತೀರಿ?”

ಅವನು ನನ್ನ ಮುಖ ನೋಡಿದ. ನಾನು ಚಹಾದ ಕಪ್ ನೋಡಿದೆ.

ಸೋಲೊಪ್ಪದೆ ಅವನು ಮೊಬೈಲಿನಲ್ಲಿ ಕಂಪನಿಯ ಆಮಂತ್ರಣ ತೆಗೆದು ತೋರಿಸಿದ. ಬಿಳಿಯ ಮೇಲೆ ಬಾಗಿದ ಒಂದು ಕೇಸರಿ ಗೆರೆ, ಕೆಳಗೆ ಎರಡು ಸಾಲು ಅಕ್ಷರ. “ಈ ಗೆರಿ ನೋಡ್ರಿ. ಹೊಸಾ ಮಷಿನ್ ಕೇಸರಿ ಬಣ್ಣದಾಗ ಬರ್ತದಂತ. ಗೆರಿ ಬಾಗೇದಲ್ಲ, ಸ್ಕ್ರೀನ್ ಮಡಚಾಕ ಬರ್ತದಂತ.”

ಅಕ್ಕಾವ್ರು ಕನ್ನಡಕ ಹಾಕಿಕೊಂಡು, ಕರಡು ತಿದ್ದುವ ಹಾಗೆ ಅದನ್ನು ಮೇಲಿನಿಂದ ಕೆಳಗೆ ನೋಡಿದರು. “ತಾರೀಖು ಅದ, ಟೈಮ್ ಅದ, ಜಾಗಾ ಅದ. ಮತ್ತೇನೂ ಇಲ್ಲ. ನಾ ಇಷ್ಟು ಲಗ್ನದ ಕಾರ್ಡ್ ಮಾಡೀನಿ. ಕಾರ್ಡಿನ ಬಣ್ಣ ನೋಡಿ ಊಟಕ್ಕ ಹುಗ್ಗಿ ಅದನೋ ಜಿಲೇಬಿ ಅದನೋ ಹೇಳಿದವರನ್ನ ಇವತ್ತೇ ನೋಡಾಕತ್ತೀನಿ.”

“ಹುಗ್ಗಿ ಬ್ಯಾರೆ, ಟೆಕ್ನಾಲಜಿ ಬ್ಯಾರೆ ಅಕ್ಕಾವ್ರೆ.”

“ಹೌದ್ರಿ, ಹುಗ್ಗಿ ಕೊನೀಗೆ ಎಲಿಗಿ ಬೀಳ್ತದ.” ಆಮೇಲೆ ನನ್ನ ಕಡೆ ತಿರುಗಿದರು. “ಪೇಪರ್ ಅಣ್ಣಾ, ನೀವಾದ್ರೂ ಹೇಳ್ರಿ. ಖರೆ ಸುದ್ದಿ ಏನದ? ಕಾಯಬೇಕೋ, ಇದನ್ನ ತಗೋಬೇಕೋ?”

ಕಂಪನಿ ದಿನ ತಿಳಿಸಿದೆ, ಏನು ತೋರಿಸುತ್ತದೆ ಎಂದು ತಿಳಿಸಿಲ್ಲ, ನನಗೆ ಗೊತ್ತಿರುವುದು ಇಷ್ಟೇ ಎಂದೆ.

“ಇಂಥಾ ಸುದ್ದಿ ಬರದ್ರ ನಿಮ್ಮ ಪೇಪರ್ ಯಾರು ತಗೋತಾರ ದೋಸ್ತ?” ಗೆಳೆಯ ಕೆಣಕಿದ.

ಅದಕ್ಕೆ ಉತ್ತರವಾಗಿ ನಾನು ಆ ಉಪಸಂಪಾದಕರ ಕಥೆ ಹೇಳಿದೆ. ನಗಿಸಲು ಹೇಳಿದ್ದು, ಅಕ್ಕಾವ್ರು ಅದನ್ನು ಕೆಲಸಕ್ಕೆ ಹಚ್ಚಿದರು.

“ಹಂಗಾದ್ರ ಸ್ಟುಡಿಯೋ ಅಣ್ಣಾ, ನೀವೂ ‘ಅಂತ’ ಬಿಟ್ಟು ಹೇಳ್ರಿ. ಹೊಸಾದು ಹ್ಯಾಂಗದ?”

“ಅದರ ಸ್ಪೀಡ್ ಭಾಳ ಇರ್ತದ…”

“ನೋಡೀರೇನು?”

“ನೋಡಿಲ್ಲ. ಇರ್ತದಂತ.”

“ಬಂತು ನೋಡ್ರಿ ‘ಅಂತ’!”

ಅವನು ಮತ್ತೆ ಶುರು ಮಾಡಿದ. ಬ್ಯಾಟರಿಗೆ ಬಂದ, ನಿಂತ. ಬೆಲೆಗೆ ಬಂದ, ನಿಂತ. ವಾರಗಟ್ಟಲೆ ಗುಂಪಿಗೆ ಕಾವೇರಿಸಿದ ಮನುಷ್ಯನಿಗೆ ಒಂದು ಪೂರ್ತಿ ವಾಕ್ಯ ಸಿಗಲಿಲ್ಲ. ಕೊನೆಗೆ ತಾನೇ ನಕ್ಕುಬಿಟ್ಟ.

“ಇರಲಿ. ಇದರದು ಹೇಳ್ರಿ,” ಎಂದು ಅಕ್ಕಾವ್ರು ಮೇಜಿನ ಮೇಲಿನ ಲ್ಯಾಪ್‌ಟಾಪ್ ತೋರಿಸಿದರು.

ಈಗ ಅವನ ಮಾತು ಬೇರೆಯಾಯಿತು. “ಚಿಟಗುಪ್ಪದ ಒಂದು ಲಗ್ನದ ವಿಡಿಯೋ ಇಡೀ ಇದರಾಗ ಕೂಡಿಸೀನಿ. ಬಿಸಿ ಆಗ್ತದ, ನಿಲ್ಲಂಗಿಲ್ಲ. ಬ್ಯಾಟರಿ ಮೊದಲಿನಂಗ ಇಲ್ಲ, ವಯರ್ ಹಚ್ಚೇ ಇಡಬೇಕು. ಸ್ಕ್ರೀನ್ ಮ್ಯಾಲ ಒಂದು ಗೆರಿ ಇಲ್ಲ, ಕಲಿ ಇಲ್ಲ. ಮತ್ತ…” ಕೀಬೋರ್ಡಿನ ಮೇಲೆ ಬೆರಳಿಟ್ಟ. “‘ರ’ ಕೀ ಜರಾ ಗಟ್ಟಿ ಒತ್ತಬೇಕು.”

“‘ರ’ ಏನ್ರಿ? ನನ್ನ ಮರ್ಯಾದಿ ಕಳದಿದ್ದೇ ಅದು. ಬ್ಯಾರೆ ಅಕ್ಷರ ಸಿಗಲಿಲ್ಲೇನು ನಿಮ್ಮ ಮಷಿನ್ನಿಗಿ?”

ಆದರೂ ಅವರು ಎಳೆದುಕೊಂಡು ಕೂತರು. ‘ಆಶೀರ್ವಾದ’ ಎಂದು ಟೈಪ್ ಮಾಡಿದರು. ‘ರ’ ಬಂದಾಗ ಬೆರಳನ್ನು ಬೇಕೆಂದೇ ಒತ್ತಿದರು. ಅರ್ಕಾವತ್ತು ಸ್ಪಷ್ಟವಾಗಿ ಬಿತ್ತು. ಅಕ್ಷರ ದೊಡ್ಡದು ಮಾಡಿ, ಸಣ್ಣದು ಮಾಡಿ, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ಪೆನ್‌ಡ್ರೈವ್ ಹಚ್ಚಿದಾಗ ಹಳೆಯ ಕೆಲವು ಕಾರ್ಡುಗಳು ಚೆಲ್ಲಾಪಿಲ್ಲಿಯಾಗಿ ತೆರೆದವು. ಗೆಳೆಯ ಸಂಜೆಯ ತನಕ ಕೂತು ಫಾಂಟುಗಳನ್ನು ಹಾಕಿ ಸರಿಮಾಡಿಕೊಟ್ಟ.

“ಇದನ್ನ ಕೊಟ್ಟು ನೀವೇನ್ ಮಾಡ್ತೀರಿ? ನಿಮಗೂ ಲಗ್ನದ ಕೆಲಸ ಇರ್ತದಲ್ಲ?” ವ್ಯವಹಾರ ಮುಗಿದ ಮೇಲೆ ಅಕ್ಕಾವ್ರು ಕೇಳಿದರು.

“ಅಷ್ಟರಾಗ ಹೊಸಾದು ನನ್ನ ಕೈಯಾಗ ಇರ್ತದ,” ಅಂದವನು ನಮ್ಮಿಬ್ಬರನ್ನು ನೋಡಿ ದನಿ ತಗ್ಗಿಸಿದ. “ಇರ್ತದಂತ.”

ಕಂಪನಿ ಹೇಳಿದ ದಿನ ಬಂತು, ಹೋಯಿತು. ಮರುದಿನ ಬೆಳಿಗ್ಗೆ ಸಭೆಯೊಂದರ ವರದಿಗೆ ಹುಮನಾಬಾದಿಗೆ ಹೋದವನು ಸ್ಟುಡಿಯೋಕ್ಕೂ ಹೋದೆ. ಕಂಪನಿ ಫೋನು ತೋರಿಸಿತ್ತು, ಕೈಗಡಿಯಾರ ತೋರಿಸಿತ್ತು. ಲ್ಯಾಪ್‌ಟಾಪಿನ ಹೆಸರೇ ಎತ್ತಿರಲಿಲ್ಲ. ಗೆಳೆಯ ಖಾಲಿ ಮೇಜಿನ ಮುಂದೆ ಕೂತಿದ್ದ.

“ನಾ ಕೇಸರಿ ಬಣ್ಣ ಅಂದಿದ್ದೆ. ಬಂತೋ ಇಲ್ಲೋ?” ಅವನೇ ಕೇಳಿದ.

“ಯಾವುದರಾಗ?”

“ಗಡಿಯಾರದ ಪಟ್ಟಾದಾಗ.”

ಆ ಹಂಗಾಮಿನಲ್ಲಿ ಅವನು ಮಧ್ಯಾಹ್ನದ ಬಸ್ಸು ಹಿಡಿದು, ಮದುವೆಗಳನ್ನೆಲ್ಲ ಹಾರ್ಡ್ ಡಿಸ್ಕಿನಲ್ಲಿ ಹೊತ್ತು ಬಸವಕಲ್ಯಾಣಕ್ಕೆ ಬರುತ್ತಿದ್ದ. ಅಕ್ಕಾವ್ರು ಊಟಕ್ಕೆ ಹೋದಾಗ, ಗಿರಾಕಿಗಳಿಲ್ಲದಾಗ, ತಾನೇ ಮಾರಿದ ಯಂತ್ರದ ಮುಂದೆ ಕೂತು ಕೆಲಸ ಮಾಡುತ್ತಿದ್ದ. ಅವರು ಬೇಡ ಅನ್ನಲಿಲ್ಲ. ಗುಂಪು ಆಗಲೇ ಯುಗಾದಿಯ ಹೊತ್ತಿಗೆ ಬರುವ ಲ್ಯಾಪ್‌ಟಾಪಿನ ಬಣ್ಣ ಹೇಳತೊಡಗಿತ್ತು.

ಅಂಥ ಒಂದು ಮಧ್ಯಾಹ್ನ ಮಂಠಾಳದ ಆ ರೈತ ಬಾಗಿಲಲ್ಲಿ ನಿಂತ. ಹುಮನಾಬಾದಿಗೆ ಹೋಗಿರಲಿಲ್ಲ, ಸಣ್ಣ ಮಗಳ ಕಾರ್ಡನ್ನೂ ಇಲ್ಲಿಗೇ ಕೊಟ್ಟು ಈಗ ಕರಡು ನೋಡಲು ಬಂದಿದ್ದ. ಗೆಳೆಯ ಬಿಟ್ಟುಕೊಟ್ಟ ಕುರ್ಚಿಯಲ್ಲಿ ಕೂತು ಅಕ್ಕಾವ್ರು ಕರಡು ತೆಗೆದುಕೊಟ್ಟರು. ಆತ ವಧುವರರ ಹೆಸರು ಬಿಟ್ಟು ನೇರವಾಗಿ ಕೆಳಗಿನ ಸಾಲಿಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದ.

“ಈ ಸಲ ಆಶೀರ್ವಾದ ಪೂರಾ ಅದ ಬಿಡ್ರಿ,” ಅಂದ.

ಅಷ್ಟರಲ್ಲಿ ಗೆಳೆಯ ಮತ್ತೆ ಕುರ್ಚಿಗೆ ಬಂದು ಕೂತಿದ್ದ. ಅಕ್ಕಾವ್ರು ಅವನ ಭುಜದ ಹಿಂದೆ ಹೋಗಿ ನಿಂತರು.

“ಅಣ್ಣಾ, ಜರಾ ಏಳ್ರಿ. ಕಾರ್ಡ್ ಪ್ರಿಂಟಿಗಿ ಹಾಕಬೇಕು.”