ಗೋಲ್‌ಕೀಪರನ ಬದಲಿಗೆ ಬಂದವನು

ಆ ಗುರುವಾರ ಸಂಜೆ ನಾನು ದುಬೈಯ ಅಲ್ ಬರ್ಷಾದ ನಮ್ಮ ಫ್ಲ್ಯಾಟಿನಲ್ಲಿ ಮೂರನೇ ತರಗತಿಯ ನೋಟ್‌ಬುಕ್ಕುಗಳನ್ನು ತಿದ್ದುತ್ತಾ ಕೂತಿದ್ದೆ. ಫೋನು ಒಂದೇ ಸಮನೆ ಗುಂಯ್‌ಗುಟ್ಟತೊಡಗಿತು. ನಮ್ಮ ಫುಟ್‌ಬಾಲ್ ತಂಡದ ವಾಟ್ಸಾಪ್ ಗುಂಪು. ತೆರೆದರೆ, ಗುರುತಿಲ್ಲದವನೊಬ್ಬ ನಮ್ಮ ಹಸಿರು ಜರ್ಸಿ ತೊಟ್ಟು ನಿಂತ ಫೋಟೊ. ಕೆಳಗೆ ನನ್ನ ಅಣ್ಣ ಬರೆದಿದ್ದ: 'ಅಬುಧಾಬಿ ತಂಡದಿಂದ ನಮ್ಮ ಹೊಸ ಫಾರ್ವರ್ಡ್. ಬದಲಿಗೆ ನಮ್ಮ ಗೋಲ್‌ಕೀಪರ್ ಅವರ ಕಡೆಗೆ. ಇಬ್ಬರಿಗೂ ಒಳ್ಳೆಯದಾಗಲಿ.'

ಆ ಗೋಲ್‌ಕೀಪರ್ ನನ್ನ ಗಂಡ.

ಕೆಂಪು ಪೆನ್ನು ಕೈಯಲ್ಲೇ ಇತ್ತು. ಯಾವುದೋ ಮಗುವಿನ ಗುಣಾಕಾರದ ಮೇಲೆ ಉದ್ದಕ್ಕೆ ಗೀಟು ಬಿದ್ದದ್ದು ಆಮೇಲೆ ಕಂಡಿತು.

ನಮ್ಮದು ದೊಡ್ಡ ತಂಡವೇನಲ್ಲ. ಮಂಗಳೂರು ಕಡೆಯಿಂದ ಬಂದು ದುಬೈಯಲ್ಲಿ ನೆಲೆಸಿದವರು ಸೇರಿ ಕಟ್ಟಿಕೊಂಡದ್ದು. ಪ್ರತಿ ಶುಕ್ರವಾರ ಅಲ್ ಕೂಜ್‌ನ ಗೋದಾಮುಗಳ ನಡುವಿನ ಬಾಡಿಗೆ ಮೈದಾನದಲ್ಲಿ ಪಂದ್ಯ. ಅಲ್ ಮುರಕ್ಕಬಾತ್‌ನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಣ್ಣನೇ ಮ್ಯಾನೇಜರ್. ಗಂಡ ಶುರುವಿನಿಂದಲೂ ಗೋಲಿಗೆ ನಿಂತವನು. ಅವನು ಆಡುವುದನ್ನು ನೋಡಿಯೇ ಅಣ್ಣ ನನಗೆ ಸಂಬಂಧ ತಂದಿದ್ದ.

ಅಡುಗೆಮನೆಗೆ ಹೋದೆ. ಗಂಡ ಈರುಳ್ಳಿ ಹೆಚ್ಚುತ್ತಿದ್ದ. ಫೋನನ್ನು ಅವನ ಮುಖಕ್ಕೆ ಹಿಡಿದೆ.

"ಇದೆಂತದು?"

ಓದಿದ. ಬಿಳಿಚಿಕೊಂಡ. "ಇಷ್ಟು ಬೇಗ ಹಾಕಿದ್ರಾ," ಅಂದವನೇ ಮತ್ತೆ ಈರುಳ್ಳಿಗೆ ತಲೆ ಬಗ್ಗಿಸಿದ.

"ನಿಂಗೆ ಗೊತ್ತುಂಟಾ?"

"ಉಂಟು. ಆಮೇಲೆ ಮಾತಾಡುವ."

ಅವಮಾನವನ್ನು ನುಂಗಿಕೊಂಡಿದ್ದಾನೆ ಎಂದೇ ನಾನು ತಿಳಿದೆ. ಅಷ್ಟರಲ್ಲಿ ಗುಂಪು ಎರಡು ಹೋಳಾಗಿತ್ತು. 'ಗೋಲು ಹೊಡೆಯುವವನಿಲ್ಲದೆ ಗೋಲು ಕಾಯುವವನನ್ನು ಇಟ್ಕೊಂಡು ಎಂತ ಮಾಡುದು? ಈ ಹೊಸಬ ಎಲ್ಲಿಂದ ಪಾಸ್ ಕೊಟ್ಟರೂ ಗೋಲು ಹೊಡೀತಾನೆ' ಎಂದು ಒಬ್ಬರು. 'ಮಂಡಿ ಚಿಪ್ಪು ಜಾರಿದರೂ ಬಟ್ಟೆ ಕಟ್ಟಿಕೊಂಡು ನಿಂತವ ಅವನು. ನಾಳೆಯ ಪಂದ್ಯದ ಮೇಲೆ ನಾವು ಮೈದಾನಕ್ಕೆ ಬರುವುದಿಲ್ಲ, ಖಲಾಸ್' ಎಂದು ಇನ್ನೊಬ್ಬರು. ಮಗಳು ನನ್ನ ಹೆಗಲ ಮೇಲಿಂದ ಇಣುಕಿ, "ಮಮ್ಮಾ, ಇಟ್ಸ್ ಜಸ್ಟ್ ಎ ಟ್ರೇಡ್," ಅಂದಳು. ಅವಳಿಗೆ ಗದರಿದೆ. ಅಣ್ಣನಿಗೆ ಮೂರು ಸಲ ಫೋನು ಮಾಡಿದೆ. ಎತ್ತಲಿಲ್ಲ.

ಮರುದಿನ ಜುಮಾ ನಮಾಜು ಮುಗಿಸಿ ಮೈದಾನಕ್ಕೆ ಹೋದೆವು. ಗಂಡ ಬೇಡ ಅಂದಿದ್ದ. ನಾನೇ ಹಟ ಹಿಡಿದಿದ್ದೆ. ಪ್ರತಿ ವಾರ ಒಂದೇ ಕಡೆ ಚಾಪೆ ಹಾಸುತ್ತಿದ್ದ ನಮ್ಮವರು ಆ ದಿನ ಮೈದಾನದ ಎರಡೂ ಬದಿಗೆ ಹರಿದು ಹಂಚಿ ಕೂತಿದ್ದರು. ಚಹಾದ ಫ್ಲಾಸ್ಕು ಕೂಡ ಈ ಕಡೆಯಿಂದ ಆ ಕಡೆಗೆ ಹೋಗುತ್ತಿರಲಿಲ್ಲ. ಹೊಸ ಫಾರ್ವರ್ಡ್ ಒಬ್ಬನೇ ದೂರದಲ್ಲಿ ಬೂಟಿನ ಲೇಸು ಕಟ್ಟುತ್ತಾ, ಬಿಚ್ಚುತ್ತಾ ಕೂತಿದ್ದ. ಯಾರ ಮನೆಗೋ ಕರೆಯದೆ ಊಟಕ್ಕೆ ಬಂದವನ ಹಾಗೆ ಕಂಡ.

ಗಂಡ ಕಾರು ನಿಲ್ಲಿಸುವಷ್ಟರಲ್ಲಿ ನಾನು ನೇರ ಅಣ್ಣನ ಎದುರು ಹೋಗಿ ನಿಂತೆ.

"ನಿನ್ನ ಸ್ವಂತ ಭಾವನನ್ನು ಕುರಿ ಹಾಗೆ ಬದಲಾಯಿಸಿದ್ಯಲ್ಲ! ನನ್ನತ್ರ ಒಂದು ಮಾತು ಹೇಳ್ಲಿಕ್ಕೆ ಆಗಲಿಲ್ವಾ?"

ನನ್ನ ದನಿ ಎಷ್ಟು ಜೋರಿತ್ತೆಂದರೆ ವಾರ್ಮ್‌ಅಪ್ ಮಾಡುತ್ತಿದ್ದವರು ನಿಂತುಬಿಟ್ಟರು. ಹಿಂದಿನಿಂದ ಯಾರೋ "ಸರಿಯಾಗಿ ಕೇಳಿದ್ಳು" ಅಂದರು. ನನಗೆ ಇನ್ನಷ್ಟು ಹುರುಪು ಬಂತು. "ಉಮ್ಮನಿಗೆ ಎಂತ ಹೇಳುದು ನಾನು? ಮಗಳ ಗಂಡನನ್ನು ನಿಮ್ಮ ಮಗನೇ ಹೊರಗೆ ಹಾಕಿದ ಅಂತಲಾ?"

ಅಣ್ಣ ನನ್ನನ್ನೇ ನೋಡಿದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ, ಗಾಬರಿ ಇತ್ತು.

"ಅವ ನಿಂಗೆ ಹೇಳ್ಲಿಲ್ವಾ?" ಅಂದ.

"ಎಂತ ಹೇಳುದು?"

"ಅವನೇ ಕೇಳಿದ್ದು ಮಾರಾಯ್ತಿ. ಕಂಪನಿಯವರು ಅವನನ್ನು ಅಬುಧಾಬಿಗೆ ಹಾಕಿದ್ದಾರೆ. ಮುಂದಿನ ತಿಂಗಳಿಂದ. ಈ ಹುಡುಗನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತ್ತು. ಸೀಸನ್ ಮಧ್ಯದಲ್ಲಿ ತಂಡ ಬಿಡ್ಲಿಕ್ಕೆ ಹೀಗೆ ಬದಲಿ ಮಾಡುದಲ್ಲದೆ ಬೇರೆ ದಾರಿ ಇರ್ಲಿಲ್ಲ."

ನಾನು ಹಿಂತಿರುಗಿದೆ. ಗಂಡ ಗೇಟಿನ ಹತ್ತಿರ, ಕಾರಿನ ಕೀಲಿ ಹಿಡಿದು ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಸುತ್ತ ನಲವತ್ತು ಜನರಾದರೂ ಇದ್ದರು. ಈಗ ಅವರೆಲ್ಲ ನೆಲ ನೋಡುತ್ತಿದ್ದರು. ನನ್ನ ಸಂಸಾರದ ಸುದ್ದಿ ಫುಟ್‌ಬಾಲ್ ಮೈದಾನದಲ್ಲಿ, ಅಷ್ಟು ಜನರ ಎದುರು, ನನಗೆ ಎಲ್ಲರ ಜೊತೆಗೇ ತಿಳಿದಿತ್ತು. ಹತ್ತಿರದಲ್ಲಿದ್ದ ಯಾರದೋ ಚಾಪೆಯ ಮೇಲೆ ಕೂತೆ. ಒಬ್ಬ ಹೆಂಗಸು ನೀರು ಕೊಟ್ಟಳು. ಅವಳು ಯಾವ ಬದಿಯವಳೋ ನೆನಪಿಲ್ಲ.

ಪಂದ್ಯ ನೋಡದೆ ಹೊರಟೆವು. ಕಾರು ಶೇಖ್ ಜಾಯೆದ್ ರಸ್ತೆಗೆ ಸೇರಿತು.

"ನಿಂಗೆ ಈಗಷ್ಟೇ ಶಾಲೆಯಲ್ಲಿ ಪರ್ಮನೆಂಟ್ ಆಯ್ತು," ಅಂದ ಗಂಡ ಕಡೆಗೆ. "ಹೇಳಿದ್ರೆ ನೀನು ಬಿಟ್ಟು ಬರ್ತಿದ್ದಿ. ಎಷ್ಟು ಕಷ್ಟಪಟ್ಟದ್ದು ನಾನು ನೋಡ್ಲಿಲ್ವಾ? ಶನಿವಾರ ಕೂತು ಹೇಳುವ ಅಂತಿದ್ದೆ. ಫೋಟೊ ಮೊದಲೇ ಹೋಯ್ತು."

"ಅಣ್ಣನಿಗೆ ಹೇಳ್ಲಿಕ್ಕೆ ಆಯ್ತು ನಿಂಗೆ."

"ಅವನತ್ರ ಹೇಳುದು ಸುಲಭ."

ಆ ಮಾತಿಗೆ ನನಗೆ ಸಿಟ್ಟು ಬಂತೋ ಅಳು ಬಂತೋ ಇವತ್ತಿಗೂ ಗೊತ್ತಿಲ್ಲ. ಬಿಟ್ಟು ಬರುತ್ತಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ. ಕೇಳಿದ್ದರೆ ತಾನೆ ಗೊತ್ತಾಗುವುದು?

ಮುಂದಿನ ತಿಂಗಳು ಅವನು ಹೋದ. ಅಬುಧಾಬಿಯ ಮುಸಫ್ಫಾದಲ್ಲಿ ಮೂವರ ಜೊತೆ ಒಂದು ರೂಮು. ಗುರುವಾರ ಸಂಜೆ ಬಸ್ಸು ಹಿಡಿದು ಮನೆಗೆ. ನಾನು ಶಾಲೆ ಬಿಡಲಿಲ್ಲ. ಅಣ್ಣನ ಅಂಗಡಿಗೆ ಹೋಗಿ ತಪ್ಪಾಯಿತು ಅಂದೆ. ಅವನು ಗಿರಾಕಿಯೊಬ್ಬರಿಗೆ ಬಟ್ಟೆ ಅಳೆಯುತ್ತಿದ್ದವನು, "ಚಹಾ ಕುಡಿ," ಅಂದ, ಅಷ್ಟೇ. ಹೊಸ ಫಾರ್ವರ್ಡ್ ಚೆನ್ನಾಗಿ ಆಡಿದ. ಮುನಿಸಿಕೊಂಡು ತಂಡ ಬಿಟ್ಟು ಹೋದವರಲ್ಲಿ ಅರ್ಧದಷ್ಟು ಜನ ಮರಳಿದರು. ಉಳಿದವರು ಮರಳಲಿಲ್ಲ; ಅವರಿಗೆ ನಿಜ ಗೊತ್ತಾದ ಮೇಲೂ ಅಣ್ಣನ ಮೇಲಿನ ಮುನಿಸು ಹಾಗೇ ಉಳಿಯಿತು.

ಸೀಸನ್ನಿನ ಕೊನೆಗೆ ಅಬುಧಾಬಿಯಲ್ಲಿ ಎರಡೂ ತಂಡಗಳು ಎದುರಾದವು. ಅಣ್ಣನ ಪಕ್ಕ ಕೂತು ನೋಡಿದೆ. ಬಲಗಡೆಯಿಂದ ಎತ್ತರಕ್ಕೆ ಬಂದ ಚೆಂಡನ್ನು ಆ ಫಾರ್ವರ್ಡ್ ಹುಡುಗ ಎದೆಯಲ್ಲಿ ಇಳಿಸಿಕೊಂಡು ಹೊಡೆದ. ಗಂಡ ಹಾರಿದ, ಬೆರಳ ತುದಿಗೆ ತಾಗಿ ಚೆಂಡು ಒಳಗೆ ಹೋಯಿತು. ಅಣ್ಣ ಎದ್ದು ಕೂಗಲು ಹೋಗಿ, ನನ್ನನ್ನು ನೋಡಿ, ಮತ್ತೆ ಕೂತ.

"ಕೂಗು," ಅಂದೆ. "ನಿಮ್ಮದೇ ಗೋಲಲ್ವಾ?"