ಮೂಲೆ ಹರಿದ ಕಾರ್ಡು

ದೆವ್ವದ ಮಾತು ಬಂದರೆ ನಗುತ್ತಿದ್ದವಳು ನಾನು. ನಮ್ಮ ಮನೆಯದೇ ಒಂದು ದೆವ್ವದ ಕಥೆ ಇತ್ತು, ಅದನ್ನಂತೂ ಎಂದೂ ನಂಬಿರಲಿಲ್ಲ. ಯಾಕೆಂದರೆ ಆ ದೆವ್ವಕ್ಕೆ ನಾನೇ ಕೈಯಾರೆ ನೀರು ಕೊಟ್ಟಿದ್ದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮೂರು ಸೇಡಂ ತಾಲೂಕಿನ ಕುರಕುಂಟಾ. ಆಗಿನ್ನೂ ಮೈಸೂರು ರಾಜ್ಯ. ಅಪ್ಪನ ಅಕ್ಕ ಶಾಂತಾಬಾಯಿ ಅತ್ತಿ ನಮ್ಮ ಮನೆಯಲ್ಲೇ ಇದ್ದಳು. ಅವಳ ಗಂಡ ಬಸಣ್ಣ ಮಾಮಾ ರಾವೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದ. ಹಬ್ಬಕ್ಕೆ ಬಂದಾಗಲೆಲ್ಲ ನನ್ನ ಜಡೆ ಎಳೆದು ಕಾಡುತ್ತಿದ್ದ. ಅವನ ಕಾರ್ಡುಗಳು ಉರ್ದುವಿನಲ್ಲಿ ಬರುತ್ತಿದ್ದವು. ಬರೆದುಕೊಡುವ ಗೆಳೆಯನಿಗೆ ಬರುತ್ತಿದ್ದದ್ದು ಅದೊಂದೇ ಅಕ್ಷರ. ಅಪ್ಪನ ತಂದೆ ಮುತ್ಯಾ ಅವನ್ನು ಮಸೀದಿ ಓಣಿಗೆ ಒಯ್ದು ಓದಿಸಿಕೊಂಡು ಬರುತ್ತಿದ್ದ.

ಒಂದು ದಿನ ಟಪಾಲಿನವನು ಕಾರ್ಡನ್ನು ಕಟ್ಟೆಯ ಮೇಲಿಟ್ಟು ಹೋದ. ಅದರ ಮೂಲೆ ಹರಿದಿತ್ತು. ಮೂಲೆ ಹರಿದ ಕಾರ್ಡೆಂದರೆ ಸಾವಿನ ಸುದ್ದಿ. ಅದನ್ನು ಹೊಸ್ತಿಲೊಳಗೆ ತರುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಆ ದಿನ ಮುತ್ಯಾ ಅದನ್ನು ಓದಿಸಲಿಲ್ಲ. ಮೂಲೆ ನೋಡಿದ ಮೇಲೆ ಓದುವುದೇನಿದೆ ಎಂದ. ಅತ್ತಿಯ ಬಳೆ ಒಡೆದರು, ಕಾಲುಂಗುರ ತೆಗೆದರು.

ದಿನಕರ್ಮ ಮುಗಿದ ಮೇಲೆ ಎಳ್ಳ ಅಮಾವಾಸ್ಯೆ ಬಂತು. ಊರಿಗೆ ಊರೇ ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆ ಎರಚಲು, ಹೊಲಕ್ಕೆ ಹೋಗಿತ್ತು. ಮನೆಯಲ್ಲಿ ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಒಳಮನೆಯಲ್ಲಿ ಮಲಗಿದ್ದ ಅತ್ತಿ, ನಾನು, ಇಷ್ಟೇ ಜನ. ನಡುಮಧ್ಯಾಹ್ನ ಬಾಗಿಲಲ್ಲಿ ಬಸಣ್ಣ ಮಾಮಾ ನಿಂತಿದ್ದ. ನೀರು ಕೇಳಿದ. ತಂಬಿಗೆ ತಂದುಕೊಟ್ಟೆ, ಗಟಗಟ ಕುಡಿದ. ನನ್ನ ಜಡೆ ಹಿಡಿದು ಜಗ್ಗಿದ, ಎಂದಿನಂತೆ ನೋವಾಗುವಷ್ಟು. ಅಷ್ಟರಲ್ಲಿ ಹಿತ್ತಲಿಂದ ಬಂದ ಆಯಿ ನನ್ನನ್ನು ಒಳಗೆಳೆದುಕೊಂಡು, ಅವನಿಗೆ ಕೈ ಮುಗಿದಳು.

"ನಿನ್ನ ಋಣ ತೀರ್ತಪ್ಪಾ. ತಿರುಗಿ ಬರಬ್ಯಾಡ," ಎಂದು ಬಾಗಿಲು ಹಾಕಿದಳು.

ಅದೇ ನಮ್ಮ ಮನೆಯ ದೆವ್ವದ ಕಥೆಯಾಯಿತು. ಅವನು ಮಾಮಾನೇ, ಜೀವಂತ ಇದ್ದಾನೆ ಎಂದು ನಾನು ಅತ್ತು ಕರೆದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಣ್ಣವಳ ಮಾತು ಯಾರಿಗೆ ಬೇಕು? ಆ ಸಿಟ್ಟು ನನ್ನ ಜೊತೆಗೇ ಬೆಳೆಯಿತು.

ನಾನು ಶಹಾಬಾದಿನಲ್ಲಿ ಶಿಕ್ಷಕಿಯಾದ ಮೇಲೆ ಆಯಿ ತೀರಿಕೊಂಡಳು. ಅವಳ ಸಂದೂಕು ತೆರೆದಾಗ ಅತ್ತಿಯ ಕಾಲುಂಗುರದ ಗಂಟು, ಮಾಮಾನ ಕಾರ್ಡುಗಳ ಕಟ್ಟು ಸಿಕ್ಕವು. ಕಟ್ಟಿನ ತಳದಲ್ಲಿ ಆ ಮೂಲೆ ಹರಿದ ಕಾರ್ಡೂ ಇತ್ತು. ಮನೆಯೊಳಗೆ ಇರಬಾರದ ವಸ್ತುವನ್ನು ಇಷ್ಟು ವರ್ಷ ಮುಚ್ಚಿಟ್ಟಿದ್ದಳೆಂದರೆ ಅವಳಿಗೂ ಒಳಗೊಳಗೇ ಅನುಮಾನವಿದ್ದಿರಬೇಕು. ನಮ್ಮ ಶಾಲೆಯ ಉರ್ದು ಮಾಸ್ತರರಿಂದ ಓದಿಸಿದೆ. ಆರಾಮಿದ್ದೇನೆ, ಶಾಂತಾಗೆ ಸೀರೆ ಕೊಂಡಿದ್ದೇನೆ, ಎಳ್ಳ ಅಮಾವಾಸ್ಯೆಗೆ ತಪ್ಪದೆ ಬರುತ್ತೇನೆ ಎಂದಿತ್ತು. ಮಾಸ್ತರರು ಮೂಲೆಯನ್ನು ಬೆಳಕಿಗೆ ಹಿಡಿದು, ಇದು ಕೈಯಿಂದ ಹರಿದದ್ದಲ್ಲ, ಇಲಿ ಕಡಿದದ್ದು ಎಂದರು.

ಹೇಳಿದ ದಿನಕ್ಕೇ ಬಂದವನನ್ನು ನಾವು ಬಾಗಿಲಿಂದ ಅಟ್ಟಿದ್ದೆವು. ಅತ್ತಿಗೆ ಹೇಳಿದೆ. ಅವಳು ಅಳಲಿಲ್ಲ. ಮುಂದಿನ ವಾರ ಆಯಿಯ ಹೆಸರಿನಲ್ಲಿ ಮೊದಲ ಎಡೆ ಹಿಡಿಯಬೇಕಿತ್ತು.

"ಬದುಕಿದ್ದಾವನ್ನ ಹೊರಗ ಹಾಕಿದ್ದು ಖರೇ ಇದ್ರ, ನಮ್ಮವ್ವಗ ನಾ ಎಡಿ ಹಿಡಿಯಂಗಿಲ್ಲ. ನೀ ಹೋಗಿ ತಿಳ್ಕೊಂಡು ಬಾ," ಎಂದಳು.

ಮಾಮಾ ಇದ್ದರೆ ಕೈ ಹಿಡಿದು ಕರೆತಂದೇ ಬಿಡುತ್ತೇನೆಂದು ಮರುದಿನವೇ ವಾಡಿಯಲ್ಲಿ ರೈಲು ಇಳಿದು ರಾವೂರಿಗೆ ನಡೆದೆ. ಖಣಿಯಿಂದ ಖಣಿಗೆ ಅಲೆದೆ. ಕಡೆಗೆ ಲಾಲಸಾಬ ಎಂಬ ಮುದುಕರು ಸಿಕ್ಕರು. ಕಾರ್ಡು ಕೊಟ್ಟೆ. ಅಕ್ಷರದ ಮೇಲೆ ಬೆರಳಾಡಿಸಿದರು.

"ಇದು ನಾನೇ ಬರದಿದ್ದು, ಬೇಟಿ. ಟಪಾಲಿಗೆ ಹಾಕಿದ ಮರುದಿನಾನೇ ಬಸಣ್ಣನ ಮ್ಯಾಲ ಕಲ್ಲು ಬಿತ್ತು. ನನ್ನ ಕೈಲೇ ಮೈ ತೊಳದು ಮಣ್ಣು ಕೊಟ್ಟೀನಿ," ಎಂದರು.

ಸುದ್ದಿ ಹೇಳಲು ಅವರು ಕುರಕುಂಟಾಕ್ಕೆ ಬಂದಿದ್ದರಂತೆ. ಓಣಿಯ ತುದಿಯಿಂದಲೇ ಅಳು ಕೇಳಿಸಿತು, ಕಟ್ಟೆಯ ಮೇಲೆ ಬಳೆಯಿಲ್ಲದ ಬರಿಗೈಯಲ್ಲಿ ಕುಳಿತ ಅತ್ತಿಯೂ ಕಂಡಳು. ಯಾರೋ ಆಗಲೇ ತಿಳಿಸಿದ್ದಾರೆಂದುಕೊಂಡು ಮುಖ ತೋರಿಸಲಾರದೆ ತಿರುಗಿ ಹೋದರಂತೆ. ಇಲಿ ಕಡಿದ ಕಾರ್ಡನ್ನು ನಂಬಿ ನಾವು ಅತ್ತದ್ದು ತಪ್ಪು ತಿಳಿದೇ, ಆದರೆ ಸತ್ತದ್ದು ನಿಜವಾಗಿತ್ತು. ಅವರು ನನ್ನನ್ನು ಗೋರಿಯ ಬಳಿ ಕರೆದೊಯ್ದರು. ಮೇಲೊಂದು ಫರಸಿ ಹಾಸಿದ್ದರು. ಸೀರೆಯನ್ನೂ ಅವನ ಜೊತೆಗೇ ಇಟ್ಟರಂತೆ. ಮಾಮಾನನ್ನೇ ಹೋಲುವ ಅಣ್ಣ ತಮ್ಮ ಯಾರಾದರೂ ಇದ್ದರೇ ಎಂದು ಮತ್ತೆ ಮತ್ತೆ ಕೇಳಿದೆ. ಬಸಣ್ಣ ಒಬ್ಬನೇ ಮಗ ಎಂದರು. ಅದು ನನಗೂ ಗೊತ್ತಿದ್ದ ಮಾತೇ.

ಊರಿಗೆ ಬಂದು ಎಲ್ಲವನ್ನೂ ಹೇಳಿದೆ. ಅತ್ತಿ ಕಣ್ಣು ಮುಚ್ಚಿ ಕೇಳಿದಳು. ತನ್ನ ಅವ್ವ ಜೀವಂತ ಮನುಷ್ಯನನ್ನು ಕಳಿಸಲಿಲ್ಲ, ಅಷ್ಟು ಸಾಕು ಎಂದಳು. ಹೋಳಿಗೆ ಮಾಡಿ, ಎಡೆ ಹಿಡಿದು, ಎಷ್ಟೋ ವರ್ಷಗಳ ಮೇಲೆ ಹೊಟ್ಟೆ ತುಂಬ ಉಂಡಳು. ಬಾಗಿಲಿಗೆ ಬಂದವನು ಯಾರೆಂದು ಅವಳೂ ಕೇಳಲಿಲ್ಲ, ನಾನೂ ಆ ಮಾತು ಎತ್ತಲಿಲ್ಲ. ಆ ರಾತ್ರಿ ಅತ್ತಿ ಗೊರಕೆ ಹೊಡೆಯುತ್ತ ಮಲಗಿದಳು. ನಿದ್ದೆ ಕಳೆದುಕೊಂಡವಳು ನಾನು, ಅದು ಇವತ್ತಿಗೂ ಪೂರ್ತಿ ಬಂದಿಲ್ಲ.