ಪುಕ್ಕಟೆ ಗ್ರೂಪಿಗೆ ಟೀಚರ್ ಕಳಿಸಿದ ಪಾಠ

ಮಾತಾಡುವಾಗಲೆಲ್ಲ ಟೀಚರ್ ಕುತ್ತಿಗೆಯ ಗಾಯದ ಗುರುತನ್ನು ಎರಡು ಬೆರಳಲ್ಲಿ ಒತ್ತಿ ಹಿಡಿಯುತ್ತಿದ್ದರು. ಗಂಟಲಿನ ಆಪರೇಷನ್ ಆದಮೇಲೆ ಹಾಗೆ ಒತ್ತದಿದ್ದರೆ ದನಿ ಹೊರಡುತ್ತಿರಲಿಲ್ಲ. ಕೊನೆಯ ಬೆಂಚಿಗೆ ಕೇಳದ ಆ ದನಿ ನನ್ನ ಮೈಕಿಗೆ ಕೇಳುತ್ತಿತ್ತು. ಮೂಡಿಗೆರೆಯ ನನ್ನ ಪುಟ್ಟ ಸ್ಟುಡಿಯೋದಲ್ಲಿ, ಮದುವೆ ವಿಡಿಯೋಗಳ ನಡುವೆ, ಅವರ ಪಿಯುಸಿ ಗಣಿತದ ಪಾಠಗಳನ್ನು ಚಿತ್ರೀಕರಿಸಿ, ದುಡ್ಡು ಕಟ್ಟಿದವರಿಗೆ ಮಾತ್ರ ತೆರೆಯುವ ಆ್ಯಪ್‌ಗೆ ಹಾಕುತ್ತಿದ್ದೆವು. ಕಾಲೇಜು ಬಿಟ್ಟಿದ್ದ ಅವರಿಗೆ ಅನ್ನ, ಔಷಧಿ ಎರಡೂ ಅದರಿಂದಲೇ.

ಒಂದು ಅಂಕಿ ತಪ್ಪಿದರೂ ಇಡೀ ಪಾಠ ಮತ್ತೆ ಮಾಡುವರು. ನಾನು ಸಿಡುಕಿದರೆ, "ಅವಸರ ಎಂತದು ಮಾರಾಯ, ಬಸ್ಸು ಹೋಗ್ತದಾ?" ಎನ್ನುವರು.

ಗಣಿತ ಪರೀಕ್ಷೆಯ ಹಿಂದಿನ ಸಂಜೆ ಬಾಳೂರಿನ ಜೀಪ್ ಡ್ರೈವರ್ ಒಬ್ಬ ಅಂಗಡಿಗೆ ಬಂದ. "ನಿಮ್ಮ ಟೀಚರ್ ಪಾಠ ಪುಕ್ಕಟೆ ಸಿಗ್ತದಂತಲ್ಲ" ಎಂದು ಮಗಳ ಫೋನ್ ತೋರಿಸಿದ. ಯಾವುದೋ ಗ್ರೂಪು, ಸಾವಿರಾರು ಮಕ್ಕಳು. ನಮ್ಮ ಆ್ಯಪ್ ಡೌನ್‌ಲೋಡಿಗೆ ಬಿಡುವುದಿಲ್ಲವೆಂದು ಯಾರೋ ಒಂದು ಫೋನಿನಲ್ಲಿ ಪಾಠ ಹಾಕಿ ಇನ್ನೊಂದರಲ್ಲಿ ಚಿತ್ರೀಕರಿಸಿದ್ದರು. ಆ ವಿಡಿಯೋದ ಹಿನ್ನೆಲೆಯಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರಿನ ಸದ್ದು ಬೇರೆ. ನನ್ನ ಮೈ ಉರಿದುಹೋಯಿತು. ಟೀಚರನ್ನು ಕರೆಸಿದೆ.

"ಯಾವುದೋ ಎಸ್ಟೇಟಿನವರದ್ದೇ ಕೆಲಸ ಟೀಚರ್, ಪಲ್ಪರ್ ಕೇಳ್ತದೆ ನೋಡಿ. ಈಗಲೇ ಕಂಪ್ಲೇಂಟ್ ಕೊಡುವ."

ಅವರು ಪಲ್ಪರ್ ಕೇಳಿಸಿಕೊಳ್ಳಲಿಲ್ಲ. "ಇನ್ನೊಂದ್ಸಲ ಹಾಕು" ಎಂದರು. ನೋಡಿ ಮುಗಿಸಿ ನನ್ನ ಕಡೆ ತಿರುಗಿದರು. "ಇದು ಹಳೇದಲ್ವಾ? ನಾನು ಮೈನಸ್ ಬಿಟ್ಟದ್ದು?"

ಹೌದು. ಜ್ವರದಲ್ಲಿ ಮಾಡಿದ ಆ ಪಾಠವನ್ನು ಅವರು ಮರುದಿನವೇ ತೆಗೆಸಿ ಸರಿಯಾದದ್ದನ್ನು ಹಾಕಿಸಿದ್ದರು. ಅಷ್ಟರಲ್ಲಿ ಕಳ್ಳ ತನ್ನ ಕೆಲಸ ಮುಗಿಸಿದ್ದ.

"ಸರಿ ಮಾಡಿದ್ದನ್ನ ಆ ಗ್ರೂಪಿಗೇ ಕಳಿಸು."

"ನೀವೇ ಕಳಿಸಿದ್ರೆ ಒಪ್ಪಿಗೆ ಕೊಟ್ಟ ಹಾಗೆ ಆಗ್ತದೆ. ಆಮೇಲೆ ಯಾರು ದುಡ್ಡು ಕಟ್ತಾರೆ? ಯಾವ ಮುಖ ಇಟ್ಕೊಂಡು ಕಂಪ್ಲೇಂಟ್ ಕೊಡುವುದು?"

"ನಾಳೆ ಬೆಳಿಗ್ಗೆ ಪರೀಕ್ಷೆ ಮಾರಾಯ. ತಪ್ಪು ಹೇಳಿಕೊಟ್ಟದ್ದು ಅವರಲ್ಲ, ನಾನು."

ನಾನು ಕೈಕಟ್ಟಿ ಕೂತೆ. ಅವರು ನನ್ನ ಕುರ್ಚಿ ಪಕ್ಕಕ್ಕೆ ಸರಿಸಿ, ಗ್ರೂಪಿಗೆ ಸೇರಿಕೊಂಡು ತಾವೇ ಕಳಿಸಿದರು. 'ಹಳೆಯದನ್ನು ಅಳಿಸಿ, ಇದನ್ನು ನೋಡಿ' ಎಂದು ಬರೆದು ಕೆಳಗೆ ಹೆಸರನ್ನೂ ಹಾಕಿದರು. 'ಟೀಚರ್, ನೀವೇನಾ?' ಎಂದು ಯಾರೋ ಕೇಳಿದರು. ಟೀಚರ್ ಅದನ್ನು ಓದಿ ಎದ್ದುಹೋದರು.

ಮರುದಿನ ಆ ಲೆಕ್ಕ ಪರೀಕ್ಷೆಗೆ ಬರಲೇ ಇಲ್ಲ. ನಾನು ಅದನ್ನೇ ಹೇಳಿ ಚುಚ್ಚಿದೆ. "ಬರ್ಲಿಲ್ಲ ಅಂದ್ರೆ ತಪ್ಪು ಸರಿ ಆಗ್ತದಾ?" ಎಂದರು.

ನಾನು ಹೆದರಿದಂತೆಯೇ ಆಯಿತು. ಟೀಚರ್ ಒಪ್ಪಿದ್ದಾರೆಂದು ಗ್ರೂಪಿನವರು ಉಳಿದ ಪಾಠಗಳನ್ನೂ ರಾಜಾರೋಷವಾಗಿ ಹಂಚಿದರು. ಮುಂದಿನ ವರ್ಷ ಆ್ಯಪ್‌ಗೆ ಸೇರಿದವರು ಬೆರಳೆಣಿಕೆಯಷ್ಟು. ಡಾಕ್ಟರ್ ಬೇಡವೆಂದರೂ ಟೀಚರ್ ಮನೆಯಲ್ಲಿ ಟ್ಯೂಷನ್ ಶುರುಮಾಡಿ, ಇದ್ದಷ್ಟು ದನಿಯನ್ನೂ ಸವೆಸಿದರು. ನನಗೆ ಅವರ ಮೇಲೆ ಸಿಟ್ಟಿತ್ತು, ಈಗಲೂ ಇದೆ. ಅಷ್ಟೇ ಪ್ರೀತಿಯೂ ಇದೆ.

ಕಾಯಿಲೆ ಮರುಕಳಿಸಿ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಕೊನೆಯ ದರ್ಶನಕ್ಕೆ ಚಿಕ್ಕಮಗಳೂರು, ಕಳಸ ಕಡೆಯಿಂದೆಲ್ಲ ಹುಡುಗ ಹುಡುಗಿಯರು ಬಂದಿದ್ದರು. ಬಂದವರೆಲ್ಲ "ನಾನು ಟೀಚರ್ ಸ್ಟೂಡೆಂಟ್" ಎನ್ನುವವರೇ. ಇವರಲ್ಲಿ ಯಾರ್ಯಾರು ದುಡ್ಡು ಕಟ್ಟಿ ಕಲಿತವರು ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಟೀಚರ್ ಅಲ್ಲೇ ಮಲಗಿದ್ದರು. ಅವರ ಎದುರು ಕೇಳಲು ನನಗೆ ಧೈರ್ಯ ಬರಲಿಲ್ಲ.